ಎಂಜಿನ್ ಇಲ್ಲದ ಕಾರಿನಲ್ಲಿ ಕೂಳೂರು ಸೇತುವೆ

ಕಳೆದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ನನ್ನ ಅಕ್ಕ ಜಯಂತಿ ತೀರಿಕೊಂಡಳು. ಅವಳ ಬೊಜ್ಜಕ್ಕೆ ಎರಡು ದಿನ ಇರುವಾಗ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೊಜ್ಜ ಎಂದರೆ ನಮ್ಮ ಕಡೆಯ ಉತ್ತರಕ್ರಿಯೆ. ಆ ದಿನ ಹೋದವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅಕ್ಕ ಮದುವೆಯಾಗಲಿಲ್ಲ. ನನ್ನದು ಆಗಿಯೂ ಉಳಿಯಲಿಲ್ಲ. ಪಂಪ್‌ವೆಲ್ ಹತ್ತಿರ ನಮ್ಮದೊಂದು ಹೊಲಿಗೆ ಅಂಗಡಿ ಉಂಟು, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದೆವು. ಮನೆ ಕೂಳೂರು ಸೇತುವೆಯ ಆಚೆ. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು ಮಾವನ ಕಾರಿನಲ್ಲಿ. ಮಾವ ಅಂದರೆ ಅಮ್ಮನ ಅಣ್ಣ. ಅವರು ತೀರಿಕೊಂಡು, ಅವರಿಗಿದ್ದ ಗದ್ದೆಯೆಲ್ಲ ಪಾಲಾಗಿ ಹೋದ ಮೇಲೆ ಆ ಗುಂಡುಮೂತಿಯ ಹಳೇ ಬಿಳಿ ಕಾರು ಅಕ್ಕನಿಗೆ ಬಂತು. ಬೇರೆ ಯಾರಿಗೂ ಅದು ಬೇಡವಾಗಿತ್ತು, ಅವಳಿಗೆ ಅದು ಬಿಟ್ಟು ಬೇರೇನೂ ಬೇಡವಾಗಿತ್ತು.

ನಾನು ಯಾವಾಗಲೂ ಎಡಗಡೆ ಸೀಟಿನವಳು. ಅಕ್ಕ ಹಟ ಹಿಡಿದು ನನಗೆ ಲೈಸನ್ಸ್ ಮಾಡಿಸಿದ್ದಳು, ಆದರೆ ನಾನು ಒಂದು ದಿನವೂ ರಸ್ತೆಯಲ್ಲಿ ಓಡಿಸಿದವಳಲ್ಲ. ಅವಳು ಓಡಿಸುತ್ತಾ ಮಾತಾಡುತ್ತಾಳೆ, ನಾನು ಕೇಳುತ್ತೇನೆ. ಹಾಗೆ ವರ್ಷಗಳು ಹೋದವು.

ಆಮೇಲೆ ಅವಳ ಎದೆಯಲ್ಲಿ ಗಡ್ಡೆ ಬಂತು. ಆಪರೇಷನ್ ಮಾಡುವಾಗ ಕಂಕುಳಿನ ಗಂಟುಗಳನ್ನೂ ತೆಗೆದರು. ಬಲಗೈ ಊದಿಕೊಂಡಿತು, ಶಕ್ತಿ ಕಡಿಮೆಯಾಯಿತು. ಆದರೂ ಕೆಲವು ತಿಂಗಳಲ್ಲಿ ಅವಳು ಮತ್ತೆ ಕಾರು ತೆಗೆದಳು. "ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುವುದಕ್ಕಿಂತ ಇದೇ ಸುಖ ಮಾರಾಯ್ತಿ" ಎಂದಳು. ಒಂದು ಬದಲಾವಣೆ ಮಾತ್ರ ನನಗೆ ಕಂಡಿತು. ತಿರುವು ಬಂದಾಗ ಅವಳು ಮಾತು ನಿಲ್ಲಿಸುತ್ತಿದ್ದಳು. ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದರೆ ಪಂಪ್‌ವೆಲ್ ಫ್ಲೈಓವರ್ ಕೆಳಗೆ ತಿರುಗಿಸುವಾಗ ನಡುವೆಯೇ ಬಾಯಿ ಮುಚ್ಚಿಕೊಳ್ಳುವುದು. ಕಾರು ನೇರವಾದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುವುದು. ಟ್ರಾಫಿಕ್ ಹೆಚ್ಚಾಗಿದೆಯಲ್ಲ, ಗಮನ ಕೊಡುತ್ತಾಳೆ ಎಂದುಕೊಂಡಿದ್ದೆ.

ಕಾರಿನ ಎಂಜಿನ್ನೂ ಅದೇ ಸಮಯಕ್ಕೆ ಮುದಿಯಾಗಿ ಹೊಗೆ ಉಗುಳತೊಡಗಿತು. ಕುದ್ರೋಳಿಯಲ್ಲಿ ಹಮೀದಾಕ ಎಂಬವರ ಗ್ಯಾರೇಜು. ಮಾವನ ಕಾಲದಿಂದ ಅವರೇ ಈ ಕಾರಿನ ಡಾಕ್ಟರು. ಅವರು ಬಾನೆಟ್ ಎತ್ತಿ ನೋಡಿ ಹೇಳಿದರು: "ಜಯಕ್ಕ, ಇದು ಮುಗಿಯಿತು. ಬೇರೆ ಎಂಜಿನ್ ಹಾಕುವ, ನನ್ನಲ್ಲಿ ಒಂದು ಡೀಸೆಲಿನದ್ದು ಉಂಟು."

"ಹಾಕಿ. ಆದರೆ ಮೊದಲು ಸ್ಟೀರಿಂಗ್."

"ಸ್ಟೀರಿಂಗಿಗೆ ಎಂತ ಆಗಿದೆ?"

"ಅದಕ್ಕೆ ಏನೂ ಆಗಿಲ್ಲ, ನನಗೆ ಆಗಿದೆ. ಈಗಿನ ಕಾರುಗಳಲ್ಲಿ ಬೆರಳಲ್ಲಿ ತಿರುಗಿಸುತ್ತಾರಲ್ಲ, ಅಂಥದ್ದು ಹಾಕಿ."

ಹಮೀದಾಕ ಅವಳ ಕೈಯ ಕಡೆ ನೋಡಿ ಕೂಡಲೇ ಕಣ್ಣು ತೆಗೆದರು. "ಸರಿಯೇ. ಎಂಜಿನ್ ಕೂರಿಸಿದ ಮೇಲೆ ಅಲ್ಲಿ ಕೈ ಹಾಕಲು ಜಾಗವೂ ಇರುವುದಿಲ್ಲ. ಹೊಸ ಎಂಜಿನ್ ತೂಕ ಬೇರೆ. ಸ್ಟೀರಿಂಗೇ ಮೊದಲು ಆಗಲಿ" ಎಂದರು.

ಹಳೇ ಎಂಜಿನ್ ಕೆಳಗಿಳಿಸಿದರು. ಸಣ್ಣ ಕಾರೊಂದರ ಕರೆಂಟಿನ ಸ್ಟೀರಿಂಗ್ ತಂದು, ಅಳತೆಗೆ ಕಡಿದು, ಬೆಸುಗೆ ಹಾಕಿ ಇದಕ್ಕೆ ಕೂರಿಸಿದರು. ಅದಕ್ಕೊಂದು ಮೋಟಾರ್ ಇರುತ್ತದೆ, ನಾವು ಸ್ವಲ್ಪ ತಿರುಗಿಸಿದರೆ ಉಳಿದ ಭಾರವನ್ನು ಅದು ಎಳೆಯುತ್ತದೆ. ಎಂಜಿನ್ ಬೇಡ, ಬ್ಯಾಟರಿ ಇದ್ದರೆ ಸಾಕು. ಕೆಲಸ ಮುಗಿದ ದಿನ ನಮ್ಮನ್ನು ಕರೆದರು. ಅಷ್ಟು ಹೊತ್ತಿಗೆ ಅಕ್ಕನ ರೋಗ ಮತ್ತೆ ಎದ್ದಿತ್ತು. ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಆದರೂ ರಿಕ್ಷಾದಲ್ಲಿ ಬಂದಳು.

ಬಾನೆಟ್ ಒಳಗೆ ಖಾಲಿ. ಕೆಳಗಿನ ನೆಲ ಕಾಣುತ್ತಿತ್ತು. ಅಕ್ಕ ಡ್ರೈವರ್ ಸೀಟಿನಲ್ಲಿ ಕೂತಳು, ನಾನು ನನ್ನ ಜಾಗದಲ್ಲಿ. ಕೀ ತಿರುಗಿಸಿದಾಗ ಎಲ್ಲೋ ಸಣ್ಣಗೆ ಗುಂಯ್ ಎಂದಿತು. ಅವಳು ಊದಿದ ಬಲಗೈಯ ಕಿರುಬೆರಳನ್ನು ಸ್ಟೀರಿಂಗಿಗೆ ಸಿಕ್ಕಿಸಿ ತಿರುಗಿಸಿದಳು. ಮುಂದಿನ ಚಕ್ರಗಳು ತಿರುಗಿದವು.

"ಸುಮಾ, ನೋಡೇ! ಕಿರುಬೆರಳು!"

ಆಮೇಲೆ ನಿಂತ ಕಾರನ್ನೇ ಓಡಿಸತೊಡಗಿದಳು. "ಕೊಟ್ಟಾರ ಬಂತು. ಈ ಬಸ್ಸಿನವನಿಗೆ ಎಂತ ಅವಸರವೋ. ಹೋಗು ಮಾರಾಯ, ಹೋಗು. ಇದು ಪಂಪ್‌ವೆಲ್, ಈಗ ತಿರುಗಿಸ್ತೇನೆ ನೋಡು" ಎಂದು ಮಾತಾಡುತ್ತಲೇ ಪೂರ್ತಿ ತಿರುಗಿಸಿದಳು.

"ಜಯಕ್ಕ, ನಿಲ್ಲಿಸಿ, ನನ್ನ ಗ್ಯಾರೇಜಿನ ಗೋಡೆ ಬೀಳ್ತದೆ" ಎಂದು ಹಮೀದಾಕ ಹೊರಗಿನಿಂದ ಕೂಗಿದರು.

"ಎಂಜಿನ್ ಹಾಕಿ ಆಮೇಲೆ ಹೆದರಿ!"

ಅವಳು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಎಂಜಿನ್ ಹಾಕುವ ಮೊದಲೇ ಮಲಗಿದಳು. ಕೊನೆಕೊನೆಗೆ ಒಂದು ಮಾತನ್ನು ಎರಡು ಮೂರು ಸಲ ಹೇಳಿದಳು. "ಕಾರನ್ನು ಅಲ್ಲಿ ಹೊಟ್ಟೆ ಬಗೆದ ಹಾಗೆ ಬಿಡಬೇಡ. ಮನೆಗೆ ತಾ."

ಅವಳು ಹೋದ ಮೇಲೆ ಚಿಕ್ಕಮ್ಮನ ಮಗ ದಿನೇಶ ಎಲ್ಲದಕ್ಕೂ ಓಡಾಡಿದ. ಕಾರಿನ ಮಾತು ಎತ್ತಿದಾಗ ಮಾತ್ರ ತಲೆ ಕೊಡವಿದ. "ಎಂಜಿನ್ ಇಲ್ಲದ ಕಾರು ತಂದು ಎಂತ ಮಾಡ್ತಿ ಅಕ್ಕ? ಕೋಳಿ ಮೊಟ್ಟೆ ಇಡಲಿಕ್ಕಾ? ಗುಜರಿಗೆ ಕೊಡುವ."

ಚಿಕ್ಕಮ್ಮನೂ ಸೇರಿಸಿದರು. "ಆಟಿಯಲ್ಲಿ ಯಾರಾದರೂ ಗಾಡಿ ಮನೆಗೆ ತರ್ತಾರಾ ಮಗಾ?"

"ಹೊಸತು ತರುವುದಲ್ಲ ಚಿಕ್ಕಮ್ಮ. ಮನೆಯದ್ದೇ ಮನೆಗೆ ಬರುವುದು" ಎಂದೆ. "ಬೊಜ್ಜದ ದಿನ ಅವಳು ಬರುವಾಗ ಅಂಗಳದಲ್ಲಿ ಕಾರು ಇರಬೇಕು. ಇಲ್ಲದಿದ್ದರೆ ನಾನು ಎಲೆ ಹಾಕುವುದಿಲ್ಲ."

ನಾನು ಯಾವತ್ತೂ ಹಾಗೆ ಮಾತಾಡಿದವಳಲ್ಲ. ದಿನೇಶ ತನ್ನ ಪಿಕಪ್ ತೆಗೆದ.

ಕಾರನ್ನು ಹೊತ್ತೊಯ್ಯುವ ಲಾರಿ ಬೊಜ್ಜದ ಮೊದಲು ಸಿಗಲಿಲ್ಲ. ಹಗ್ಗ ಕಟ್ಟಿ ಎಳೆಯುವುದೆಂದಾಯಿತು. ಹಾಗೆ ಎಳೆಯುವಾಗ ಹಿಂದಿನ ಕಾರಿನಲ್ಲಿ ಒಬ್ಬರು ಕೂತು ಸ್ಟೀರಿಂಗ್, ಬ್ರೇಕ್ ನೋಡಬೇಕು. ಹಮೀದಾಕರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು.

"ನಾನು ಕೂರ್ತೇನೆ" ಎಂದೆ.

"ಓಡಿಸಿ ಗೊತ್ತುಂಟಾ ತಂಗಿ?"

"ಲೈಸನ್ಸ್ ಉಂಟು."

"ಲೈಸನ್ಸ್ ನನ್ನ ಆಡಿಗೂ ಸಿಕ್ತದೆ" ಎಂದು ಗೊಣಗುತ್ತಾ ಅವರು ನನ್ನ ಪಕ್ಕದ ಸೀಟಿಗೆ ಹತ್ತಿದರು. ನಾನು ಯಾವಾಗಲೂ ಕೂರುತ್ತಿದ್ದ ಸೀಟು ಅದು. "ಸ್ಟೀರಿಂಗ್ ಹಗುರ ಉಂಟು, ಹೆದರಬೇಡ. ಬ್ಯಾಟರಿ ಹಳೆಯದು, ಚಾರ್ಜ್ ಮಾಡಿದ್ದೇನೆ. ಆದರೆ ತುಂಬಿಸಲು ಎಂಜಿನ್ ಇಲ್ಲ, ಇದ್ದದ್ದರಲ್ಲಿ ಮನೆ ಮುಟ್ಟಬೇಕು. ಲೈಟ್, ಫ್ಯಾನ್ ಎಂತದೂ ಹಾಕಬೇಡ" ಎಂದರು.

ಮಧ್ಯಾಹ್ನದ ಹೊತ್ತು. ಮಳೆ ಬಿಟ್ಟಿತ್ತು. ಹಗ್ಗಕ್ಕೊಂದು ಕೆಂಪು ಬಟ್ಟೆ ಕಟ್ಟಿ ದಿನೇಶ ನಿಧಾನಕ್ಕೆ ಎಳೆದ. ಸ್ಟೀರಿಂಗ್ ನಿಜವಾಗಿ ಹೂವಿನ ಹಾಗಿತ್ತು. ಅಕ್ಕನ ಕೈಗೆಂದು ಮಾಡಿಸಿದ್ದು ನನ್ನ ಕೈಯಲ್ಲಿತ್ತು. ಎಂಜಿನ್ ಸದ್ದಿಲ್ಲದೆ ಕಾರು ಹೋಗುವುದು ಒಂದು ಥರ ಭಯ. ಟಯರಿನ ಸದ್ದು, ಹಗ್ಗದ ಸದ್ದು, ಅಷ್ಟೇ. ಹೆಣ ಒಯ್ಯುವ ಗಾಡಿಯಲ್ಲಿ ಅವಳ ಜೊತೆ ಕೂತಿದ್ದಾಗಲೂ ಇಷ್ಟು ಮೌನ ಇರಲಿಲ್ಲ.

ಕೊಟ್ಟಾರ ದಾಟಿ ಹೈವೇಗೆ ಸೇರಿದ್ದೇ ಮಳೆ ಹೊಯ್ಯಿತು. ಎದುರಿನ ಪಿಕಪ್ಪೇ ಕಾಣದಷ್ಟು.

"ವೈಪರ್ ಹಾಕು" ಎಂದರು ಹಮೀದಾಕ. ಸ್ವಲ್ಪ ಮುಂದೆ ಹೋದ ಮೇಲೆ ಹಿಂದಿನಿಂದ ಬರುವ ಲಾರಿಗಳನ್ನು ನೋಡಿ, "ಲೈಟೂ ಹಾಕು. ಇಲ್ಲದಿದ್ದರೆ ನಮ್ಮ ಮೇಲೆಯೇ ಹತ್ತಿಸ್ತಾರೆ" ಎಂದರು. ಬೇಡವೆಂದವರೇ ಹೇಳಿದರು. ಬೇರೆ ದಾರಿಯೂ ಇರಲಿಲ್ಲ.

ಕೂಳೂರು ಸೇತುವೆಯ ಏರು ಹತ್ತಿದೆವು. ನಾನು ಬಾಯಲ್ಲಿ ಸಣ್ಣಗೆ ಮಾತಾಡುತ್ತಿದ್ದೆ. "ಬಂದೆವು ಅಕ್ಕ, ಹೊಳೆ ಬಂತು, ಇದೊಂದು ದಾಟಿದರೆ ಆಯಿತು" ಎಂದು ಅವಳಿಗೇ ಹೇಳುತ್ತಿದ್ದೆ. ಆಗ ವೈಪರ್ ಗಾಜಿನ ಅರ್ಧದಲ್ಲಿ ನಿಂತಿತು. ಗುಂಯ್ ಎನ್ನುತ್ತಿದ್ದ ಸದ್ದು ನಿಂತಿತು. ಬ್ಯಾಟರಿ ಮುಗಿದಿತ್ತು.

ಅದೇ ಗಳಿಗೆಯಲ್ಲಿ ದಿನೇಶ ಎದುರಿನ ಹೊಂಡ ತಪ್ಪಿಸಲು ಬಲಕ್ಕೆ ಎಳೆದು ಮತ್ತೆ ಎಡಕ್ಕೆ ಹೋದ. ನಮ್ಮ ಕಾರೂ ಬಲಕ್ಕೆ ಹೋಯಿತು, ಎಡಕ್ಕೆ ಬರಲಿಲ್ಲ. ಬಲಗಡೆಯಿಂದ ಕಂಟೇನರ್ ಲಾರಿಯೊಂದು ಹಾರ್ನ್ ಹಾಕುತ್ತಾ ಹಿಂದಿಕ್ಕುತ್ತಿತ್ತು. ನಾನು ಸ್ಟೀರಿಂಗ್ ತಿರುಗಿಸಿದೆ. ಅದು ಕಲ್ಲಾಗಿತ್ತು.

"ತಿರುಗ್ತಾ ಇಲ್ಲ!"

"ತಿರುಗ್ತದೆ! ಬಿಡಬೇಡ! ಎಳಿ ತಂಗಿ, ಮೈಯೆಲ್ಲ ಹಾಕಿ ಎಳಿ!" ಎನ್ನುತ್ತಾ ಹಮೀದಾಕ ತಾವೂ ಒಂದು ಕೈ ಹಾಕಿದರು.

ನಾನು ಸೀಟಿನಿಂದ ಎದ್ದು, ಬಲತೋಳನ್ನು ಸ್ಟೀರಿಂಗಿಗೆ ಒತ್ತಿ ಎಡಕ್ಕೆ ನೂಕಿದೆ. ಕಂಕುಳಿಂದ ಬೆರಳಿನವರೆಗೆ ನರ ಹರಿದ ಹಾಗಾಯಿತು. ಮಾತು ನಿಂತಿತ್ತು, ಉಸಿರೂ ನಿಂತಿತ್ತು. ಹಲ್ಲು ಕಚ್ಚಿಕೊಂಡಿದ್ದೆ. ಕಾರು ಇಷ್ಟಿಷ್ಟೇ ಎಡಕ್ಕೆ ಬಂತು. ಲಾರಿ ನಮ್ಮ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಇನ್ನೊಂದು ಗೇಣು ಹೆಚ್ಚು ಹೋಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ, ಹಮೀದಾಕರೂ ಇರುತ್ತಿರಲಿಲ್ಲ.

ಸೇತುವೆ ಇಳಿದು ಬದಿಗೆ ನಿಲ್ಲಿಸಿದೆವು. ದಿನೇಶ ಮಳೆಯಲ್ಲೇ ಓಡಿ ಬಂದು ಬಾಗಿಲು ತೆಗೆದ. "ಅಕ್ಕಾ, ಎಂತ ಆಯಿತು? ಅಕ್ಕಾ?" ನನ್ನ ಕೈ ಸ್ಟೀರಿಂಗ್ ಬಿಡುತ್ತಿರಲಿಲ್ಲ. ಅವನೇ ಒಂದೊಂದು ಬೆರಳು ಬಿಡಿಸಿದ.

ಹಮೀದಾಕ ಮುಖ ಒರೆಸಿಕೊಂಡು ಹೇಳಿದರು. "ಮೋಟಾರ್ ನಿಂತರೆ ಭಾರವೇ. ಹಳೆಯದ್ದು ಹೀಗೇ ಇದ್ದದ್ದಲ್ಲವಾ."

"ಹಳೆಯದ್ದು ಇಷ್ಟು ಭಾರ ಇತ್ತಾ?" ಎಂದು ಕೇಳಿದೆ.

"ಇಷ್ಟೇ. ಮೆಲ್ಲಗೆ ಹೋಗುವಾಗ ಇದಕ್ಕಿಂತಲೂ ಹೆಚ್ಚು. ಯಾಕೆ, ನಿನಗೆ ಗೊತ್ತಿರಲಿಲ್ಲವಾ?"

ನನಗೆ ಗೊತ್ತಿರಲಿಲ್ಲ. ನಾನು ಎಡಗಡೆ ಸೀಟಿನಲ್ಲಿದ್ದೆ. ಆಪರೇಷನ್ ಆದ ಕೈಯಲ್ಲಿ ಅವಳು ಇದನ್ನು ದಿನಾ ಬೆಳಿಗ್ಗೆ ಪಂಪ್‌ವೆಲ್ಲಿನಲ್ಲಿ ತಿರುಗಿಸಿದ್ದಳು, ದಿನಾ ಸಂಜೆ ಮನೆಯ ಓಣಿಗೆ ತಿರುಗಿಸಿದ್ದಳು. ತಿರುವಿನಲ್ಲಿ ಮಾತು ಯಾಕೆ ನಿಲ್ಲುತ್ತಿತ್ತು ಎಂದು ಹೆದ್ದಾರಿಯ ಬದಿಯಲ್ಲಿ, ಒದ್ದೆಯಾಗಿ ನಿಂತಾಗ ಅರ್ಥವಾಯಿತು. ಕೇಳಿ ತಿಳಿದುಕೊಳ್ಳಲು ಅವಳು ಇರಲಿಲ್ಲ. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಲಾರಿಗಳು ನೀರು ಎರಚಿಕೊಂಡು ಹೋಗುತ್ತಿದ್ದವು, ನಾನು ನಿಂತು ಅತ್ತೆ. ಇಬ್ಬರು ಗಂಡಸರೂ ಹಗ್ಗ ನೋಡುವ ನೆಪದಲ್ಲಿ ಆಚೆ ತಿರುಗಿ ನಿಂತರು.

ದಿನೇಶ ಪಿಕಪ್ಪಿನ ಬ್ಯಾಟರಿ ಬಿಚ್ಚಲು ಹೊರಟಿದ್ದ. ನಾನು ಬೇಡ ಎಂದೆ. ಉಳಿದ ದಾರಿ ಸ್ವಲ್ಪವೇ ಇತ್ತು. ಮೆಲ್ಲಗೆ ಎಳೆದ. ನಮ್ಮ ಓಣಿಯ ತಿರುವನ್ನು ನಾನು ಆ ಭಾರದಲ್ಲೇ ತಿರುಗಿಸಿ ಕಾರನ್ನು ಅಂಗಳಕ್ಕೆ ತಂದೆ.

ಬೊಜ್ಜದ ದಿನ ಎಲೆ ಹಾಕಿ ಅನ್ನ, ಬಂಗುಡೆ ಸಾರು, ಅವಳಿಗೆ ಇಷ್ಟದ ಮೂಡೆ ಕಡುಬು ಎಲ್ಲ ಬಡಿಸಿ ಬಾಗಿಲು ಮುಚ್ಚಿದರು. ಎಲ್ಲರೂ ಅಂಗಳಕ್ಕೆ ಬಂದರು. ಗುಜರಿಗೆ ಕೊಡುವ ಎಂದಿದ್ದ ದಿನೇಶ ಯಾರೂ ಹೇಳದೆ ಬಕೆಟ್ ತಂದು ಬೆಳಿಗ್ಗೆಯೇ ಕಾರು ತೊಳೆದಿಟ್ಟಿದ್ದ. ನಾನು ಕಾರಿನ ಎಡಗಡೆಯ ಬಾಗಿಲಿನ ಹತ್ತಿರ ನಿಂತೆ. ಮನೆಯೊಳಗಿಂದ ಏನೂ ಸದ್ದು ಬರಲಿಲ್ಲ. ಚಿಕ್ಕಮ್ಮ ಬಾಗಿಲು ತೆಗೆಯುವವರೆಗೆ ಹಾಗೇ ನಿಂತಿದ್ದೆ.

ಹಮೀದಾಕ ಈಗಲೂ ಫೋನ್ ಮಾಡುತ್ತಾರೆ. "ಎಂಜಿನ್ ಕಟ್ಟಿಟ್ಟಿದ್ದೇನೆ ತಂಗಿ, ಯಾವಾಗ ಬೇಕಾದರೂ ಹಾಕಿಕೊಡ್ತೇನೆ" ಎನ್ನುತ್ತಾರೆ. ಸದ್ಯಕ್ಕೆ ಬೇಡ ಎನ್ನುತ್ತೇನೆ. ನಾನು ಬಸ್ಸಿನಲ್ಲಿ ಅಂಗಡಿಗೆ ಹೋಗುತ್ತೇನೆ. ಪಂಪ್‌ವೆಲ್ಲಿನಲ್ಲಿ ಬಸ್ಸು ತಿರುಗುವಾಗ ಪಕ್ಕದವರು ಏನಾದರೂ ಹೇಳುತ್ತಿದ್ದರೆ ನನಗೆ ಕೇಳಿಸುವುದಿಲ್ಲ.

ಭಾನುವಾರ ಟಾರ್ಪಾಲು ಸರಿಸಿ ಅವಳ ಸೀಟಿನಲ್ಲಿ ಕೂರುತ್ತೇನೆ. ಬ್ಯಾಟರಿ ಚಾರ್ಜ್ ಮಾಡಿದ್ದೇ ಇರುತ್ತದೆ, ದಿನೇಶ ನೋಡಿಕೊಳ್ಳುತ್ತಾನೆ. ಆದರೆ ನಾನು ಮೋಟಾರ್ ಚಾಲು ಮಾಡುವುದಿಲ್ಲ. ಕೈ ಸೋಲುವವರೆಗೆ ಸ್ಟೀರಿಂಗನ್ನು ಹಾಗೆಯೇ ತಿರುಗಿಸುತ್ತೇನೆ.