ಅತ್ತೆಯ ನೀಲಿ ಕಾರು

ಮೊನ್ನೆ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾರೋ ಹಳೆಯ ಸ್ಕೂಟರೊಂದನ್ನು ಒದ್ದು ಒದ್ದು ಸುಸ್ತಾಗಿ ನಿಂತಿದ್ದರು. ಹಸಿ ಪೆಟ್ರೋಲಿನ ವಾಸನೆ ಲಿಫ್ಟಿನವರೆಗೂ ಹರಡಿತ್ತು. ಬೇರೆಯವರು ಮೂಗು ಮುಚ್ಚಿಕೊಂಡು ಹೋದರು. ನಾನು ಒಂದು ಗಳಿಗೆ ಅಲ್ಲೇ ನಿಂತೆ. ನಮ್ಮತ್ತೆಯ ಸೀರೆಗೆ ಸದಾ ಇದೇ ವಾಸನೆ ಇರುತ್ತಿತ್ತು... ಹಬ್ಬದ ದಿನವೂ.

ಮದುವೆಯಾಗಿ ಸಂಜಯನಗರದ ಮನೆಗೆ ನಾನು ಬಂದಾಗ ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರು ಕೊಂಡಿದ್ದ ನೀಲಿ ಕಾರು ಕಾಂಪೌಂಡಿನೊಳಗೆ ನಿಂತಿರುತ್ತಿತ್ತು. ನೀಲಿ ಅಂತ ಹೇಳುವುದು ಅಭ್ಯಾಸಕ್ಕೆ. ತುಕ್ಕು ಹಿಡಿದಲ್ಲೆಲ್ಲ ಕೈಗೆ ಸಿಕ್ಕ ಬಣ್ಣ ಬಳಿದು ಅದು ತೇಪೆ ಹಾಕಿದ ಕೌದಿಯ ಹಾಗಿತ್ತು. ಅದನ್ನು ಓಡಿಸುತ್ತಿದ್ದವರು ಅತ್ತೆ.

ಆ ಕಾರಿನಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಡ್ರೈವರ್ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಅತ್ತೆ ಗಾಜು ಇಳಿಸಿ, ಕೈ ಹೊರಗೆ ಚಾಚಿ ತೆರೆಯುತ್ತಿದ್ದರು. ಗಾಜು ಇಳಿಸುವ ಹಿಡಿ ಎಲ್ಲ ಬಾಗಿಲಿಗೂ ಸೇರಿ ಒಂದೇ ಉಳಿದಿತ್ತು. ಸೆಕೆಯಾದವರು ಅದನ್ನು ಕೇಳಿ ಇಸಿದುಕೊಳ್ಳಬೇಕು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿಯೇ ಕೂಗುತ್ತಿತ್ತು, ಬೇಕಾದಾಗ ಒತ್ತಿದರೆ ಉಸಿರೇ ಇಲ್ಲ. ನೆಂಟರ ಮದುವೆಗೆ ಹೊರಟು, ರೇಷ್ಮೆ ಸೀರೆ ಎತ್ತಿ ಕಟ್ಟಿ, ಯಶವಂತಪುರ ಮಾರ್ಕೆಟಿನ ನಡುವೆ ನಾನು ಆ ಕಾರನ್ನು ತಳ್ಳಿದ್ದೇನೆ. ಮುಹೂರ್ತ ತಪ್ಪಿತು; ಊಟ ಸಿಕ್ಕಿತು. ಮೆಕ್ಯಾನಿಕ್ ಒಂದನ್ನು ಸರಿಮಾಡಿ ಕಳಿಸಿದರೆ ಇನ್ನೊಂದು ಕೈಕೊಡುತ್ತಿತ್ತು.

"ಅಮ್ಮಾ, ಗುಜರಿಗೆ ಹಾಕ್ಬಿಡಮ್ಮ ಅದನ್ನ," ಎಂದು ನನ್ನ ಗಂಡ ಆಗಾಗ ರೇಗುತ್ತಿದ್ದರು. "ಎಲ್ಲಿಗ್ ಹೋಗ್ಬೇಕೋ ಹೇಳು, ನಾನ್ ಕರ್ಕೊಂಡ್ ಹೋಗ್ತೀನಿ."

"ಬೇಡ ಕಣೋ. ಇದಿದ್ರೆ ನಾನು ಯಾರನ್ನೂ ಕೇಳ್ಬೇಕಾಗಿಲ್ಲ."

"ಕೇಳ್ಬೇಕಾಗಿಲ್ವಾ? ಅರ್ಧ ಸಂಜಯನಗರ ಅದನ್ನ ತಳ್ಳಿದೆ!"

"ತಳ್ಳೋಕೆ ಕೇಳೋದು ಬೇರೆ, ಹೋಗೋಕೆ ಕೇಳೋದು ಬೇರೆ," ಎನ್ನುತ್ತಿದ್ದರು ಅತ್ತೆ.

ಆ ಮಾತು ನನಗೆ ಅರ್ಥವಾದದ್ದು ಒಂದು ಮಧ್ಯಾಹ್ನ, ಆರ್‌ಟಿ ನಗರದಲ್ಲಿ ಕಾರು ಕೆಟ್ಟು, ಎಂಜಿನ್ ತಣ್ಣಗಾಗಲೆಂದು ನಾವಿಬ್ಬರೂ ಒಳಗೇ ಕೂತಿದ್ದಾಗ. ಮಾವನ ಕಾಲದಲ್ಲಿ ಕಾರಿನ ಕೀ ಅವರ ಜೇಬಿನಲ್ಲೇ ಇರುತ್ತಿತ್ತಂತೆ. ಅತ್ತೆ ಎಲ್ಲಿಗೆ ಹೋಗಬೇಕಾದರೂ ಅವರಿಗೆ ಬಿಡುವಾಗಬೇಕು, ಮನಸ್ಸಾಗಬೇಕು. ಹುಣಸಮಾರನಹಳ್ಳಿಯಲ್ಲಿದ್ದ ಅತ್ತೆಯ ಅಕ್ಕನಿಗೆ ಕಾಯಿಲೆ ಹೆಚ್ಚಾಗಿದೆಯೆಂದು ಒಂದು ದಿನ ಸುದ್ದಿ ಬಂತು. ಮಾವ ಊಟ ಮಾಡಿ ಮಲಗಿದ್ದರು. ಎದ್ದರು, ಕಾಫಿ ಕುಡಿದರು, ಮನೆಗೆ ಬಂದ ಯಾರ ಜೊತೆಗೋ ಮಾತಾಡಿದರು... ಅತ್ತೆ ಸೀರೆ ಉಟ್ಟು ಬಾಗಿಲಲ್ಲಿ ಕಾಯುತ್ತಲೇ ಇದ್ದರು. ಸಂಜೆ ಹೋಗಿ ತಲುಪುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದರು.

"ಬಸ್ಸಲ್ಲಾದ್ರೂ ಹೋಗ್ಬಹುದಿತ್ತು ಕಣೇ," ಎಂದರು ಅತ್ತೆ, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು. "ಕೇಳ್ದೆ ಹೋಗೋದು ಅಂತ ಒಂದಿದೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ."

ಅಕ್ಕನ ಕರ್ಮಗಳೆಲ್ಲ ಮುಗಿದ ಮೇಲೆ ಅವರು ತಾವೇ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಮಾವ ಬಹಳ ದಿನ ಮಾತು ಬಿಟ್ಟರಂತೆ. ಅತ್ತೆ ಲೈಸೆನ್ಸ್ ತಂದು, ದೇವರ ಮುಂದಿಟ್ಟು, ಕೀ ಕೊಡಿ ಎಂದರಂತೆ. ಅಷ್ಟು ಹೇಳಿ, ಇಳಿದು ರೇಡಿಯೇಟರಿಗೆ ನೀರು ಹಾಕಿದರು.

ಹೆಬ್ಬಾಳದ ಫ್ಲೈಓವರ್ ಆಗಿ ಸ್ವಲ್ಪ ಸಮಯವಾಗಿತ್ತು. ಯಲಹಂಕದ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಬೇಕೆಂದು ತಿಳಿದು ನಾನು ಅರ್ಜಿ ಹಾಕಿದ್ದೆ. ಇಂಟರ್‌ವ್ಯೂಗೆ ಕರೆ ಬಂತು. "ಅಷ್ಟು ದೂರ ಯಾಕೆ? ಮುಂದಿನ್ ವರ್ಷ ಹತ್ರ ಎಲ್ಲಾದ್ರೂ ನೋಡೋಣ ಬಿಡು," ಎಂದು ಹೇಳಿ ಇಂಟರ್‌ವ್ಯೂ ದಿನ ಬೆಳಿಗ್ಗೆ ನನ್ನ ಗಂಡ ಆಫೀಸಿಗೆ ಹೋದರು. ಕೆಟ್ಟ ಮನುಷ್ಯರಲ್ಲ, ಹಾಗೆ ಹೇಳಿದರೆ ಮಾತು ಮುಗಿಯಿತು ಎಂದುಕೊಂಡವರು, ಅಷ್ಟೇ. ನಾನೂ ಹಾಗೇ ಅಂದುಕೊಂಡು ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದೆ.

"ನಿನಗೆ ಹೋಗ್ಬೇಕೇನೇ?" ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ಕೇಳಿದರು.

"ಇವರು ಬೇಡ ಅಂದ್ರಲ್ಲ ಅತ್ತೆ..."

"ಅವನನ್ನ ಕೇಳ್ಲಿಲ್ಲ ನಾನು. ನಿನ್ನ ಕೇಳ್ದೆ."

ನಾನು ಹೂಂ ಎಂದೆ. ಅವರು ಹುರುಳಿಕಾಯಿ ಎತ್ತಿಟ್ಟು, ಕೀ ತೆಗೆದುಕೊಂಡು ಹೊರಗೆ ನಡೆದರು.

ಕಾರು ತನ್ನ ಬುದ್ಧಿ ಬಿಡಲಿಲ್ಲ. ಹೆಬ್ಬಾಳದಲ್ಲಿ ಫ್ಲೈಓವರ್ ಹತ್ತುವ ಮೊದಲೇ ಬಾನೆಟ್ಟಿನಿಂದ ಬುಸ್ಸೆಂದು ಹೊಗೆ ಎದ್ದಿತು. ಬಸ್ ಸ್ಟಾಪಿನಲ್ಲಿದ್ದವರ ಜೊತೆ ಸೇರಿ ನಾನೂ ಅದನ್ನು ಪಕ್ಕಕ್ಕೆ ತಳ್ಳಿದೆ. ಸೀರೆಗೆಲ್ಲ ಮಸಿ. ನನಗೆ ಅಳು ಬಂತು. "ಬಿಡಿ ಅತ್ತೆ, ಮನೆಗೆ ಹೋಗೋಣ," ಎಂದೆ. ಎದುರಿಗೆ ಬಂದು ನಿಂತ ಯಲಹಂಕದ ಬಸ್ಸಿನ ಕಡೆ ಅತ್ತೆ ನನ್ನನ್ನು ದೂಡಿದರು.

"ಕೆಟ್ಟಿರೋದು ಕಾರು. ನೀನ್ಯಾಕೆ ನಿಲ್ತೀಯಾ? ಹತ್ತು!"

ಬಸ್ಸಿನ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ಟಿನೊಳಗೆ ತಲೆ ತೂರಿಸಿ, ಎಂಜಿನ್ನಿಗೆ ಏನೋ ಬೈಯುತ್ತಾ ನಿಂತಿದ್ದರು.

ತಡವಾಗಿ ಹೋಗಿದ್ದೆ. ಸೀರೆಯ ಮಸಿ ನೋಡಿ ಒಳಗಿದ್ದವರು ಏನಾಯಿತೆಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಕ್ಕರು. ನಂತರ ಒಂದು ತರಗತಿಗೆ ಕಳಿಸಿ ಪಾಠ ಮಾಡಿಸಿದರು. ಕೆಲಸ ಸಿಕ್ಕಿತು. ಹೊರಗೆ ಬಂದರೆ ಶಾಲೆಯ ಗೇಟಿನ ಎದುರು ನೀಲಿ ಕಾರು ಗಡಗಡ ನಡುಗುತ್ತಾ ನಿಂತಿತ್ತು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲವೆಂದು ಅತ್ತೆ ಎಂಜಿನ್ ಚಾಲೂ ಇಟ್ಟುಕೊಂಡೇ ಕಾದಿದ್ದರು.

"ಬೇಗ ಹತ್ತೇ, ನಿಂತ್ರೆ ಕಷ್ಟ!" ಎಂದರು. ಕೆಲಸದ ಸಮಾಚಾರ ಕೇಳಿದ್ದು ಹೆಬ್ಬಾಳ ದಾಟಿದ ಮೇಲೆ.

ಸಂಜೆ ಗಂಡ ಬಂದಾಗ ಅತ್ತೆಯೇ ಹೇಳಿದರು, "ಇವಳಿಗೆ ಕೆಲಸ ಸಿಕ್ತು ಕಣೋ. ಸೋಮವಾರದಿಂದ ಹೋಗ್ತಾಳೆ." ಇವರು ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಆಮೇಲೆ, "ಬಸ್ ಎಷ್ಟೊತ್ತಿಗಿದೆ?" ಎಂದು ಕೇಳಿದರು.

ವರ್ಷಗಳು ಕಳೆದು ಅತ್ತೆಯ ಕಣ್ಣು ಮಂಜಾಯಿತು. ಇನ್ನು ಓಡಿಸಬೇಡಿ ಎಂದರು ಡಾಕ್ಟರು. ಅತ್ತೆ ವಾದ ಮಾಡಲಿಲ್ಲ. ಗುಜರಿಯವರನ್ನು ತಾವೇ ಕರೆಸಿದರು. ಅವರು ಕಾರನ್ನು ಗೇಟಿನಿಂದ ಆಚೆ ತಳ್ಳುವಾಗ ಹಿಂದಿನಿಂದ ಹೋಗಿ ತಾವೂ ಕೈ ಹಚ್ಚಿದರು.

ಅಷ್ಟು ಹೊತ್ತಿಗೆ ನಾನು ಅವರಿಂದಲೇ ಕಲಿತು ಒಂದು ಸಣ್ಣ ಕಾರು ಕೊಂಡಿದ್ದೆ. ಒಂದು ಭಾನುವಾರ ಹಿಟ್ಟು ರುಬ್ಬುತ್ತಿದ್ದೆ. ಅತ್ತೆ ಅಡುಗೆಮನೆಗೆ ಬಂದು ಗೋಡೆ ಹಿಡಿದು ನಿಂತರು. ಅವರ ದನಿ ಎಂದಿನಂತಿರಲಿಲ್ಲ.

"ನಿನಗೆ ಬಿಡುವಾದಾಗ... ಹುಣಸಮಾರನಹಳ್ಳಿಗೆ ಒಂದ್ಸಲ ಕರ್ಕೊಂಡ್ ಹೋಗ್ತೀಯೇನೇ?"

ಗ್ರೈಂಡರ್ ಆರಿಸಿ ಕೈ ತೊಳೆದುಕೊಂಡೆ.

"ನಡೀರಿ ಅತ್ತೆ."

"ಈಗ್ಲೇನಾ? ಹಿಟ್ಟು...?"

"ಹಿಟ್ಟು ಇರುತ್ತೆ. ನಡೀರಿ."

ಏರ್‌ಪೋರ್ಟ್ ರಸ್ತೆ ಅಗಲವಾಗಿ ಊರಿನ ಗುರುತು ಹತ್ತಲಿಲ್ಲ. ಅಕ್ಕನ ಮನೆ ಇದ್ದ ಕಡೆ ಅಂಗಡಿಗಳ ಸಾಲು. ಅತ್ತೆ ಇಳಿದು, ಸರಿಯಾಗಿ ಕಾಣದ ಕಣ್ಣಿನಲ್ಲೇ ಅತ್ತಿತ್ತ ನೋಡಿ, "ಇಲ್ಲೇ ಇರ್ಬೇಕು," ಎಂದರು. ಬಹಳ ಹೊತ್ತು ನಿಂತಿದ್ದರು. ಬರುವಾಗ ದಾರಿಯುದ್ದಕ್ಕೂ ನನ್ನ ಗೇರು, ಕ್ಲಚ್ಚು, ಎಲ್ಲಕ್ಕೂ ತಪ್ಪು ಹಿಡಿದರು. ನಾನು ಬೈಸಿಕೊಂಡೆ. ಸಮಾಧಾನವಾಯಿತು.

ಅವರು ಹೋಗಿ ಈಗ ವರ್ಷಗಳೇ ಆದವು. ಈ ಮಾರ್ಚಿನಲ್ಲಿ ನಾನು ಅದೇ ಶಾಲೆಯಿಂದ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ನನ್ನ ಗಂಡ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೈಕಿನ ಮುಂದೆ ನಿಂತು ಸಹೋದ್ಯೋಗಿಗಳಿಗೆ, ಮಕ್ಕಳಿಗೆ, ಎಲ್ಲರಿಗೂ ಧನ್ಯವಾದ ಹೇಳಿದೆ. ಆಮೇಲೆ "ನಮ್ಮತ್ತೆ..." ಎಂದು ಶುರು ಮಾಡಿದವಳಿಗೆ ಮುಂದೆ ಮಾತೇ ಹೊರಡಲಿಲ್ಲ. ಮುಗಿಯಿತೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಇವರೊಬ್ಬರು ಮಾತ್ರ ತಟ್ಟದೆ, ತಲೆ ತಗ್ಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.