ತಾನಾಗಿ ಬರುತ್ತಿದ್ದ ಸಾಲು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಸದಾ ಕಪ್ಪು ಕಲೆಗಳಿರುತ್ತಿದ್ದವು. ನೀರಿನ ಪರೀಕ್ಷೆಗೆ ಬಳಸುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಹಾಗೆ ಕಪ್ಪಾಗುತ್ತದೆ. ಸೋಪಿಗೆ ಹೋಗುವುದಿಲ್ಲ, ಚರ್ಮ ಸವೆದೇ ಹೋಗಬೇಕು. ಊಟಕ್ಕೆ ಕೂತಾಗ ಯಾರಾದರೂ ಆ ಬೆರಳು ನೋಡಿದರೆ, "ಕೈ ತೊಳ್ದಿದೀನಿ ಕಣ್ರೀ, ಅನುಮಾನ ಪಡಬೇಡಿ" ಎಂದು ತಾವೇ ನಗುತ್ತಿದ್ದರು.

ಆಗ ಹುಣಸೂರಿನಲ್ಲಿ ಒಂದು ಸೇವಾ ಸಂಸ್ಥೆ ನೀರು ಪರೀಕ್ಷೆಯ ಕೋಣೆ ನಡೆಸುತ್ತಿತ್ತು. ಅವರು ಪರೀಕ್ಷಕಿ. ನಾನು ಅದೇ ಕೋಣೆಯ ಇನ್ನೊಂದು ಮೇಜಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ದಾರಿಯಲ್ಲಿ ಸಿಗುವ ಕಟ್ಟೆಮಳಲವಾಡಿಯಲ್ಲಿ ಯಾರಾದರೂ ಬಾಟಲಿಯಲ್ಲಿ ಬಾವಿ ನೀರು ಕೊಟ್ಟರೆ ತೊಡೆಯ ಮೇಲೆ ಇಟ್ಟುಕೊಂಡೇ ತರುತ್ತಿದ್ದರು. ಒಮ್ಮೆ ಕಂಡಕ್ಟರ್, "ಏನಕ್ಕಾರೆ, ನೀರ್ಗೂ ಒಂದ್ ಟಿಕೆಟ್ ಅರೀಲಾ?" ಅಂದ. "ಅರಿಯಪ್ಪ. ಮೊದ್ಲು ಒಂದ್ ಗುಟುಕು ಕುಡಿ, ಬದುಕಿದ್ರೆ ದುಡ್ಡು ಕೇಳು" ಅಂದರು. ಬಸ್ಸೆಲ್ಲ ನಕ್ಕಿತು.

ಸಂಸ್ಥೆಗೆ ಕಂಪ್ಯೂಟರ್ ಬಂತು. ಕಾರ್ಯದರ್ಶಿಗಳು ಮೈಸೂರಿನಿಂದ ಒಬ್ಬ ತಂತ್ರಜ್ಞನನ್ನು ಕರೆಸಿ, ವರದಿಗೆಂದು ಸ್ಪ್ರೆಡ್‌ಶೀಟಿನ ಟೆಂಪ್ಲೇಟ್ ಮಾಡಿಸಿದರು. ಹೊಸ ಹಾಳೆ ತೆರೆದರೆ ಮೇಲೆ ಸಂಸ್ಥೆಯ ಹೆಸರು, ನಡುವೆ ಅಂಕಿಗಳ ಮನೆಗಳು ಸಿದ್ಧವಾಗಿರುತ್ತಿದ್ದವು. ಪುಟದ ಅಡಿಯಲ್ಲಿ, ಫೂಟರ್ ಎನ್ನುವ ಜಾಗದಲ್ಲಿ, ಒಂದು ಸಾಲು: "ಈ ನೀರು ಕುಡಿಯಲು ಯೋಗ್ಯವಾಗಿದೆ." ಅದರ ಕೆಳಗೆ ಪರೀಕ್ಷಕಿ ಎಂದು ಅಕ್ಕನ ಹೆಸರು. ಈ ಅಡಿಸಾಲು ಕೆಲಸ ಮಾಡುವಾಗ ಪರದೆಯ ಮೇಲೆ ಕಾಣುವುದಿಲ್ಲ. ಮುದ್ರಿಸಿದಾಗ ಮಾತ್ರ ಕಾಗದಕ್ಕೆ ತಾನಾಗಿ ಬಂದು ಕೂರುತ್ತದೆ.

ಮೊದಲ ಮುದ್ರಿತ ಹಾಳೆ ನೋಡಿದಾಗ ಅಕ್ಕನ ಮುಖ ಕೆಂಪಾಯಿತು.

"ನೀರು ಬರೋಕ್ ಮುಂಚೆನೇ ತೀರ್ಪು ಬರೆದಿಟ್ಟಿದ್ದೀರಲ್ಲ ಸರ್. ಮತ್ತೆ ನಾನ್ಯಾಕೆ ಇಲ್ಲಿ?"

"ಹೆಚ್ಚಿನವು ಚೆನ್ನಾಗೇ ಇರ್ತವೆ. ಕೆಟ್ಟದ್ದು ಬಂದಾಗ ಆ ಸಾಲು ಅಳಿಸಿದರಾಯ್ತು" ಎಂದರು ಕಾರ್ಯದರ್ಶಿಗಳು.

"ಅಳಿಸೋದು ಮರೆತುಹೋಗುತ್ತೆ. ಬರೆಯೋದು ಮರೆತರೆ ಹಾಳೆ ಖಾಲಿ ಇರುತ್ತೆ, ಖಾಲಿ ಹಾಳೆ ಯಾರನ್ನೂ ಕೊಲ್ಲಲ್ಲ."

ಈ ಮಾತು ಅವರು ಹೇಳಿದ್ದು ಹೀಗೆಯೇ. ನಾನು ಕೇಳಿಸಿಕೊಂಡಿದ್ದೇನೆ.

ಅವರು ಆ ತಂತ್ರಜ್ಞನ ಪಕ್ಕದಲ್ಲೇ ಕೂತು ಟೆಂಪ್ಲೇಟ್ ಬದಲಿಸುವುದನ್ನು ಕಲಿತರು. ಅಡಿಯಲ್ಲಿ ಆ ಸಾಲನ್ನೂ ತಮ್ಮ ಹೆಸರನ್ನೂ ತೆಗೆದು ಪುಟಸಂಖ್ಯೆ ಮಾತ್ರ ಉಳಿಸಿ, ಅಂಕಿಗಳ ಕೆಳಗೆ "ಅಭಿಪ್ರಾಯ" ಎಂದು ಬರೆದು ಮುಂದೆ ಖಾಲಿ ಬಿಟ್ಟರು. ಪ್ರತಿ ಹಾಳೆಗೂ ಆ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆದು ಸಹಿ ಹಾಕುತ್ತಿದ್ದರು. ಕಾರ್ಯದರ್ಶಿಗಳಿಗೆ ಅದು ಹಿಡಿಸಲಿಲ್ಲ. ಕಂಪ್ಯೂಟರ್ ಹಾಳೆಯ ಮೇಲೆ ಕೈಬರಹ ಚೆನ್ನಾಗಿ ಕಾಣುವುದಿಲ್ಲವಂತೆ.

ಅಕ್ಕ ನೀರಿನ ಮಾದರಿ ತರಲು ಎಚ್.ಡಿ. ಕೋಟೆ ಕಡೆಗೆ ಹೋಗಿದ್ದ ವಾರ ತಂತ್ರಜ್ಞ ಮತ್ತೆ ಬಂದ. ಏನು ಮಾಡಿ ಹೋದನೆಂದು ನನಗೆ ಯಾರೂ ಹೇಳಲಿಲ್ಲ. ಅದೇ ವಾರ ಗಾವಡಗೆರೆ ಕಡೆಯ ಒಂದು ಊರಿನವರು ತಮ್ಮ ಹೊಸ ಬೋರ್‌ವೆಲ್ಲಿನ ವರದಿ ಕೇಳಿಕೊಂಡು ಬಂದರು. ಅಕ್ಕ ಹೊರಡುವ ಮೊದಲೇ ಆ ನೀರು ಪರೀಕ್ಷಿಸಿದ್ದರು. ಪರೀಕ್ಷೆಯ ಪುಸ್ತಕದಲ್ಲಿ, ಆ ನೀರಿನಲ್ಲಿ ಮಿತಿ ಮೀರಿದ್ದ ನೈಟ್ರೇಟಿನ ಅಂಕಿಗೆ ಕೆಂಪು ಸುತ್ತು ಹಾಕಿದ್ದರು. ಕಾರ್ಯದರ್ಶಿಗಳು ತಾವೇ ಕೂತು ಅಂಕಿಗಳನ್ನು ಹಾಳೆಗೆ ತುಂಬಿದರು, ಮುದ್ರಿಸಿದರು, ನಗುತ್ತಾ ಕೈಗೆ ಕೊಟ್ಟರು. ಅಂಕಿ ಸರಿಯಾಗಿಯೇ ಇತ್ತು. ಕೆಂಪು ಸುತ್ತು ಹಾಳೆಗೆ ಬರಲಿಲ್ಲ. ಅಡಿಸಾಲು ಬಂತು, ಅಕ್ಕನ ಹೆಸರಿನ ಸಮೇತ.

ಊರಿನವರು ಅದನ್ನು ಪಂಪಿನ ಮನೆಯ ಬಾಗಿಲಿಗೆ ಅಂಟಿಸಿದರು.

ಕೆಲವು ವಾರಗಳ ಮೇಲೆ ಒಬ್ಬ ತಂದೆ ಆ ಹಾಳೆಯನ್ನು ಕಿತ್ತುಕೊಂಡು ಬಂದ. ಅವನ ಹೆಂಡತಿಗೆ ಎದೆಹಾಲು ಸಾಲದೆ ಕೂಸಿಗೆ ಪುಡಿ ಹಾಲು ಕಲಸಿ ಕೊಡುತ್ತಿದ್ದರು, ಆ ನೀರಿನಲ್ಲೇ. ಕೂಸಿನ ತುಟಿ, ಉಗುರು ನೀಲಿಯಾಗಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ನೀರಿನಲ್ಲಿದ್ದ ನೈಟ್ರೇಟಿನಿಂದಲೇ ಆದದ್ದೆಂದು ವೈದ್ಯರು ಹೇಳಿದ್ದರು. ಅವನು ಕೂಗಾಡಲಿಲ್ಲ.

"ಇದ್ ನಿಮ್ಮೆಸ್ರೇ ಅಲ್ವಾ ಅಕ್ಕಾರೆ?"

ಅಕ್ಕ ಹಾಳೆ ಹಿಡಿದು ನಿಂತಿದ್ದರು. ಕಾರ್ಯದರ್ಶಿಗಳು ನಡುವೆ ಬಂದು, "ಮೇಲೆ ಅಂಕಿ ಇದೆಯಲ್ಲಪ್ಪ, ನೋಡ್ಬಾರದಿತ್ತಾ?" ಎಂದರು.

"ಅಂಕಿ ನಮ್ಗೇನ್ ತಿಳೀತದೆ ಸ್ವಾಮಿ. ಅಕ್ಸರ ಓದ್ದೊ. ನಂಬ್ದೊ."

ಕೂಸು ಉಳಿಯಿತು. ಆಮೇಲೆ ನಡೆದ ಸಭೆಯಲ್ಲಿ ಕಾರ್ಯದರ್ಶಿಗಳ ಬಾಯಲ್ಲಿ ಬಂದ ಮೊದಲ ಮಾತೇ, "ಮಗು ಉಳೀತಲ್ಲ, ಬಿಡಿ." ಎರಡನೆಯದು, "ಅದು ಡಿಫಾಲ್ಟು. ತಾನಾಗೇ ಬರುತ್ತೆ. ಯಾರೂ ಬರೆದದ್ದಲ್ಲ." ಮೂರನೆಯದು, "ಹೆಸರು ಇರೋದು ಅವರದ್ದೇ." ಯಾರೂ ಬರೆಯದ ಸಾಲಿಗೆ ಅಕ್ಕ ಹೊಣೆಯಾದರು. ತಂತ್ರಜ್ಞ ಬಂದದ್ದು, ಕಾರ್ಯದರ್ಶಿಗಳೇ ಮುದ್ರಿಸಿದ್ದು, ನಾನು ನೋಡಿದ್ದನ್ನೆಲ್ಲ ಹೇಳಿದೆ. ಸಭೆಯ ನಡಾವಳಿ ಬರೆಯುತ್ತಿದ್ದವರು ನಾನು ಮಾತಾಡುವಷ್ಟು ಹೊತ್ತೂ ಪೆನ್ನನ್ನು ಮೇಜಿನ ಮೇಲಿಟ್ಟು ಕೂತಿದ್ದರು.

ಅಕ್ಕನನ್ನು ಕೆಲಸದಿಂದ ತೆಗೆದರು. ಅವರು ತಮಗಾಗಿ ಏನನ್ನೂ ವಾದಿಸಲಿಲ್ಲ. ಮರುದಿನ ಬಣ್ಣದ ಡಬ್ಬಿ ಹಿಡಿದು ಆ ಊರಿಗೆ ಹೋಗಿ, ಪಂಪಿನ ಮನೆಯ ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ "ಕುಡಿಯಬೇಡಿ" ಎಂದು ಬರೆದರು. ಜೊತೆಗೆ ನಾನೂ ಇದ್ದೆ. ಬಾಗಿಲ ಬಳಿ ನಿಂತಿದ್ದ ಅಜ್ಜಿಯೊಬ್ಬಳು, "ಆವತ್ತು ಕುಡೀರಿ ಅಂದ್ರಿ, ಇವತ್ತು ಬ್ಯಾಡ ಅಂತೀರಾ. ಯಾವ್ದ ನಂಬುದವ್ವ?" ಎಂದಳು. ಅಕ್ಕ ಬ್ರಷ್ ಕೆಳಗಿಟ್ಟು, "ಇದ್ನ ನಂಬವ್ವ. ಇದ್ನ ನಾನೇ ಬರ್ದಿರೋದು" ಎಂದರು.

ಯಾವ ಕಚೇರಿಯಲ್ಲಿ ಕೆಲಸ ಮಾಡಿದರೂ ಹೊಸ ಟೆಂಪ್ಲೇಟ್ ಕೈಗೆ ಬಂದ ಕೂಡಲೇ ನಾನು ಮೊದಲು ಅದರ ಅಡಿ ತೆರೆದು ನೋಡುತ್ತೇನೆ. ಅಲ್ಲಿ ಯಾರದಾದರೂ ಹೆಸರು ಇದ್ದರೆ ಅಳಿಸುತ್ತೇನೆ. ಓದಿ ನೋಡಿದವರು ಆಮೇಲೆ ಬರೆದುಕೊಳ್ಳಲಿ. ಇದು ಅಕ್ಕ ಕಲಿಸಿದ್ದು.

ಕೆಲವು ವರ್ಷಗಳ ಮೇಲೆ ಅಕ್ಕ ತೀರಿಕೊಂಡರು. ಕೆ.ಆರ್. ನಗರದ ಅವರ ಮನೆಯ ನಡುವೆ ಚಾಪೆಯ ಮೇಲೆ ಮಲಗಿಸಿದ್ದರು. ಕೆಲಸ ಹೋದ ಮೇಲೆ ಯಾವ ಪರೀಕ್ಷಾ ಕೋಣೆಯೂ ಅವರನ್ನು ಸೇರಿಸಿಕೊಂಡಿರಲಿಲ್ಲ. ಅವರ ತಂಗಿ, "ಮುಖ ಎಷ್ಟು ಶಾಂತವಾಗಿದೆ ನೋಡಿ" ಎಂದರು. ನಾನು ಮುಖ ನೋಡಲಿಲ್ಲ. ಬಲಗೈ ನೋಡಿದೆ. ಹೆಬ್ಬೆರಳು, ತೋರುಬೆರಳು, ಎರಡೂ ಸ್ವಚ್ಛವಾಗಿದ್ದವು. ಕೆಲಸವಿಲ್ಲದ ವರ್ಷಗಳಲ್ಲಿ ಆ ಕಪ್ಪು ಚರ್ಮವೆಲ್ಲ ಸವೆದು, ಒಂದು ಕಲೆಯೂ ಉಳಿದಿರಲಿಲ್ಲ.