ದೋಣಿಗದ್ದೆಯ ಕದಿರು

ನನ್ನ ಗಂಡ ಮುಂಬಯಿಯಲ್ಲಿ ಕ್ಯಾಂಟೀನು ನಡೆಸುತ್ತಿದ್ದಷ್ಟು ಕಾಲ ಅಲ್ಲಿನ ಕಿರಾಣಿ ಅಂಗಡಿಯವರ ಪಾಲಿಗೆ ಅನ್ನದಾತರಾಗಿದ್ದರು. ಸಕ್ಕರೆ ಮೂಟೆಯಲ್ಲಿ, ಎಣ್ಣೆ ಡಬ್ಬದಲ್ಲಿ, ಚಹಾಪುಡಿ ಚೀಲದಲ್ಲಿ ಬರುತ್ತಿತ್ತು. ಕ್ಯಾಂಟೀನನ್ನು ತಮ್ಮನಿಗೆ ಒಪ್ಪಿಸಿ ನಾವಿಬ್ಬರೂ ಯಡ್ತರೆಯ ಮನೆಗೆ ಬಂದು ನೆಲೆಸಿದ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕುಳಿತು ಘೋಷಿಸಿದರು: "ಇನ್ ಮೇಲೆ ಅಂಗಡಿ ಸಾಮಾನ್ ಈ ಮನಿಗ್ ಬಪ್ಪುಕಿಲ್ಲ. ನಮ್ಗ್ ಬೇಕಾದ್ದ್ ನಾವೇ ಮಾಡ್ಕಂಬ." ಹೇಳುವಾಗ ಅಂಗಡಿಯ ಬಿಸ್ಕತ್ತನ್ನೇ ಚಹಾಕ್ಕೆ ಅದ್ದುತ್ತಿದ್ದರು. ಅದು ಅರ್ಧಕ್ಕೆ ಮುರಿದು ಲೋಟದ ತಳ ಸೇರಿತು. ನಾನು ಅದನ್ನು ಅಪಶಕುನ ಅಂದುಕೊಂಡೆ, ಅವರು ವೈರಾಗ್ಯ ಅಂದುಕೊಂಡರು.

ಮರುದಿನದಿಂದ ಹಲ್ಲಿಗೆ ಉಮಿಕರಿ, ತಲೆಗೆ ದಾಸವಾಳದ ಸೊಪ್ಪು, ಪಾತ್ರೆಗೆ ಬೂದಿ ಮತ್ತು ತೆಂಗಿನ ನಾರು, ಬಟ್ಟೆಗೆ ಅಂಟುವಾಳಕಾಯಿ. ಅವರ ಬಿಳಿ ಅಂಗಿಗಳೆಲ್ಲ ಒಂದೊಂದಾಗಿ ಚಹಾದ ಬಣ್ಣಕ್ಕೆ ತಿರುಗಿದವು. ಹಿತ್ತಿಲಲ್ಲಿ ಬೆಳೆದ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಮರದ ಪಕಾಸಿಗೆ ಸಾಲಾಗಿ ತೂಗುಹಾಕಿದೆವು. ಮಳೆಗಾಲವಿಡೀ ಕೆಡದೆ ಉಳಿದವು ನಿಜ, ಆದರೆ ಮನೆಗೆ ಬಂದ ಎತ್ತರದ ನೆಂಟರೆಲ್ಲ ಹಣೆ ತಿಕ್ಕಿಕೊಳ್ಳುತ್ತಲೇ ಊಟಕ್ಕೆ ಕೂರುತ್ತಿದ್ದರು.

ಕಾನೂನು ಮಾಡಿದವರೇ ತಿದ್ದುಪಡಿಗೂ ಮುಂದಾದರು. ಉಪ್ಪು ಕಡಲಿನದ್ದು, ಹಾಗಾಗಿ ಅದು ಅಂಗಡಿಯ ಸಾಮಾನಲ್ಲ. ಚಹಾಪುಡಿ ಔಷಧದ ಲೆಕ್ಕ. ಮೀನಂತೂ ತಾನಾಗಿ ಮನೆ ಬಾಗಿಲಿಗೆ ಬರುತ್ತದೆ, ನಾವೇನು ಅದನ್ನು ಹುಡುಕಿಕೊಂಡು ಹೋಗುವುದಿಲ್ಲವಲ್ಲ! ಹೀಗೆ ನಮ್ಮ ಮೀನಿನಕ್ಕನಿಗೆ ಮಾತ್ರ ಅಂಗಳ ತೆರೆದೇ ಇತ್ತು. ಕಡಲ ಬದಿಯ ಮನೆಯಿಂದ ಬುಟ್ಟಿ ಹೊತ್ತು ಬರುವ ಗಟ್ಟಿಗಿತ್ತಿ ಆಕೆ. ಬಂಗುಡೆ ಕೊಟ್ಟು ತೆಂಗಿನಕಾಯಿ, ನುಗ್ಗೆಕಾಯಿ ಒಯ್ಯುತ್ತಿದ್ದಳು. ಪ್ರತಿ ಸಲವೂ ತನಗೇ ನಷ್ಟ ಎಂದು ಊರಿಗೆ ಕೇಳುವ ಹಾಗೆ ಹೇಳಿ, ಕೊನೆಗೆ ಎರಡು ಬಾಳೆಲೆಯನ್ನೂ ಕುಯ್ದುಕೊಂಡು ಹೋಗುವಳು.

ಇದನ್ನೆಲ್ಲ ನೋಡಿ ಹೆಚ್ಚು ನಕ್ಕವರು ನನ್ನ ಅತ್ತೆ. ಅರ್ಧ ಜೀವಮಾನ ಬೂದಿಯಲ್ಲೇ ಪಾತ್ರೆ ತಿಕ್ಕಿದವರು ಅವರು. "ಇದ್ನೆಲ್ಲ ಬಿಡುಕ್ ನಾನ್ ಅರ್ಧ ಆಯುಷ್ಯ ತಕಂಡೆ. ನೀನ್ ಮುಂಬೈಯಂಗೆ ಹುಡ್ಕಂಡ್ ಹಿಡ್ಕ ಬಂದ್ಯಾ ಮಗಾ?" ಎಂದು ಕೇಳುವರು. ಮಗ ಉಮಿಕರಿ ಮೆತ್ತಿದ ಹಲ್ಲು ಕಿರಿಯುವರು. ಆದರೆ ಅತ್ತೆ ಒಂದು ವಿಷಯಕ್ಕೆ ಮಾತ್ರ ನಗಲಿಲ್ಲ. ಒಂದು ದಿನ ಮಗನನ್ನು ಹತ್ತಿರ ಕೂರಿಸಿಕೊಂಡು, "ಹಾಂಗಾರೆ ಗದ್ದೆ ಮಾಡ್. ನಮ್ಮ್ ಗದ್ದೆ ಅಕ್ಕಿಯಂಗೆ ಒಂದ್ ಸಲ ಸಮಾ ಹೊಸ್ತ್ ಉಂಬುಕ್ ನಂಗ್ ಆಸಿ ಇತ್ತ್. ಇನ್ನ್ ಎಷ್ಟ್ ಮಳಿಗಾಲ ಕಾಂತ್ನೋ ಎಂತದೋ," ಎಂದರು.

ಹೊಸ್ತು ಎಂದರೆ ನವರಾತ್ರಿಯ ಹೊತ್ತಿಗೆ ನಾವು ಮಾಡುವ ಹೊಸ ಅಕ್ಕಿಯ ಊಟ. ಭತ್ತದ ಹೊಸ ತೆನೆಗೆ ನಾವು ಕದಿರು ಅನ್ನುತ್ತೇವೆ. ಆ ದಿನ ಬೆಳಿಗ್ಗೆ ಕದಿರು ತಂದು, ಮಾವಿನೆಲೆ, ಹಲಸಿನೆಲೆ ಸೇರಿಸಿ ಕಂಬಕ್ಕೆ, ಬಾವಿಯ ರಾಟೆಗೆ, ಅಕ್ಕಿ ಡಬ್ಬಕ್ಕೆ, ಅನ್ನ ಕೊಡುವ ಎಲ್ಲದಕ್ಕೂ ಕಟ್ಟಬೇಕು. ಮಾವ ಹೋದ ಮೇಲೆ ನಮ್ಮ ಗದ್ದೆ ಉಳುವವರಿಲ್ಲದೆ ಹಡಿಲು ಬಿದ್ದಿತ್ತು. ಅಲ್ಲಿಂದೀಚೆಗೆ ಕದಿರು ಬೈಂದೂರಿನ ಹೂವಿನಂಗಡಿಯಿಂದ, ಅಕ್ಕಿ ಪ್ಲಾಸ್ಟಿಕ್ ಚೀಲದಿಂದ. ಹಬ್ಬಕ್ಕೆಂದು ನಾವು ಮುಂಬಯಿಯಿಂದ ಬಂದಾಗಲೆಲ್ಲ ಅತ್ತೆ ಆ ಊಟವನ್ನು ಮಾತಿಲ್ಲದೆ ಮುಗಿಸಿ ಏಳುತ್ತಿದ್ದರು.

ಮಗನಿಗೆ ಇನ್ನೇನು ಬೇಕು! ನನ್ನ ತವರು ಬ್ರಹ್ಮಾವರದಿಂದ ಬಿತ್ತನೆ ಭತ್ತ ಬಂತು. ಬಾಡಿಗೆಯ ಟಿಲ್ಲರ್ ಬಂತು. ನೆಡುವ ದಿನ ಅತ್ತೆ ಗದ್ದೆಯ ಅಂಚಿನಲ್ಲಿ ಎಲೆಯಿಂದ ಹೆಣೆದ ಗೊರಬು ಹೊದ್ದು ಕುಳಿತು, ನಾನು ನೆಟ್ಟ ಸಾಲು ಹಾವಿನ ದಾರಿಯಂತಿದೆ ಎಂದು ಕೂಗಿ ಹೇಳಿದರು. ನನ್ನ ಗಂಡ ಬೆಳಿಗ್ಗೆ ಬಗ್ಗಿದವರು ಮಧ್ಯಾಹ್ನ ನೆಟ್ಟಗಾಗಲು ಹೋಗಿ ಆಗದೆ, ಅದೇ ಭಂಗಿಯಲ್ಲಿ ಮನೆಗೆ ಬಂದು ಅದೇ ಭಂಗಿಯಲ್ಲಿ ಗಂಜಿ ಕುಡಿದರು. ಒಂದಿಷ್ಟು ಸಸಿ ಉಳಿಯಿತು. ದಾರಿಯಲ್ಲಿ ಹೋಗುತ್ತಿದ್ದ ಮೀನಿನಕ್ಕ, "ಬಿಸಾಡ್ತ್ರಿಯಾ? ನಂಗ್ ಕೊಡಿ, ಕೋಳಿಗಾರೂ ಆತ್ತ್," ಎಂದು ಒಂದು ಕಟ್ಟನ್ನು ಖಾಲಿ ಬುಟ್ಟಿಗೆ ಹಾಕಿಕೊಂಡು ಹೋದಳು.

ತೆನೆ ಬಂದದ್ದೇ ತಡ, ನವಿಲಿನ ದಂಡು ಇಳಿಯಿತು. ಸುತ್ತಮುತ್ತ ಇದ್ದದ್ದು ನಮ್ಮದೊಂದೇ ಗದ್ದೆ. ಬಲಗಡೆಯದು ಸೈಟಾಗಿ ಕಲ್ಲಿನ ಗೋಡೆ ಎದ್ದಿತ್ತು, ಎಡಗಡೆಯದರಲ್ಲಿ ಎದೆಯೆತ್ತರ ಹುಲ್ಲು. ಹಾಗಾಗಿ ಯಡ್ತರೆಯ ಅಷ್ಟೂ ನವಿಲುಗಳಿಗೆ ನಮ್ಮಲ್ಲೇ ಊಟ. ನನ್ನ ಗಂಡ ಕ್ಯಾಂಟೀನಿನ ಹಳೆಯ ಸ್ಟೀಲು ತಟ್ಟೆ, ಚಮಚಗಳನ್ನು ಹಗ್ಗಕ್ಕೆ ಕಟ್ಟಿ ಗಾಳಿಗೆ ಬಿಟ್ಟರು. ತಮ್ಮ ಏಪ್ರನ್ನನ್ನೇ ಬೆರ್ಚಪ್ಪನಿಗೆ ತೊಡಿಸಿದರು. ನವಿಲುಗಳು ಅದರ ಹತ್ತಿರ ಹೋಗಿ ಆರ್ಡರ್ ಕೊಡುವವರಂತೆ ಕತ್ತು ಓರೆ ಮಾಡಿ ನಿಂತವು. ಆಮೇಲೆ ಇವರೇ ಡಬ್ಬ, ಕೋಲು ಹಿಡಿದು ಜಗಲಿಯಲ್ಲಿ ಕುರ್ಚಿ ಹಾಕಿ ಕಾವಲು ಕುಳಿತರು. ಮರಾಠಿ, ಹಿಂದಿ, ಕುಂದಾಪ್ರ ಕನ್ನಡ ಮೂರರಲ್ಲೂ ಬೈಯುತ್ತಿದ್ದರು. ಒಂದು ಕಾಳೂ ಹೊರಗೆ ಹೋಗಬಾರದು, ಅದೊಂದೇ ಹಟ.

ಹೊಸ್ತಿನ ಮುನ್ನಾದಿನದ ಹೊತ್ತಿಗೆ ಗದ್ದೆ ಹೊಂಬಣ್ಣಕ್ಕೆ ತಿರುಗಿತ್ತು. ಮೊದಲೇ ಹಣ್ಣಾದ ಒಂದು ಮೂಲೆಯನ್ನು ಕುಯ್ದು, ಒಣಗಿಸಿ, ಒರಳಲ್ಲಿ ಕುಟ್ಟಿ ಊಟಕ್ಕಾಗುವಷ್ಟು ಅಕ್ಕಿಯನ್ನೂ ಮಾಡಿಟ್ಟಿದ್ದೆವು. "ನಾಳೆ ಬೆಳಗಾತ ನಮ್ಮ್ ಗದ್ದೆಯಿಂದ್ಲೇ ಕದ್ರ್ ತತ್ತೆ," ಎಂದು ನನ್ನ ಗಂಡ ಎದೆಯುಬ್ಬಿಸಿದರು.

"ಅದ್ ಆತಿಲ್ಲ," ಎಂದರು ಅತ್ತೆ.

"ಎಂತಕೆ?"

"ಅಕ್ಕಿ ನಮ್ದೇ ಆಯ್ಕ್. ಕದ್ರ್ ಮಾತ್ರ ಬೇರೆಯೋರ್ ಗದ್ದೆದ್ ಆಯ್ಕ್. ಈ ಮನೆ ಪದ್ಧತಿ ಮಗಾ, ಮುಂಬೈಯಂಗೆ ನಿಂಗ್ ಮರ್ತ್ ಹೋಯ್ತ್. ಗುರ್ತದೋರ್ ಗದ್ದೆಯಿಂದ ಹೇಳ್ದೆ ಕೇಳ್ದೆ ಕೊಯ್ಕಂಡ್ ಬಪ್ಪುದ್. ಅವ್ರೂ ಹಾಂಗೇ ನಮ್ಮಲ್ಲಿಂದ ತಕಂಡ್ ಹೋಪ್ದ್. ಕಂಡ್ರೂ ಕಾಣ್ದಂಗ್ ಇಪ್ಪುದ್."

ನಾನು ಗಂಡನ ಮುಖ ನೋಡಿದೆ. ಯಾರ ಹಂಗೂ ಇಲ್ಲದೆ ಬದುಕುತ್ತೇನೆಂದು ಹೊರಟ ಮನುಷ್ಯ! ಹೂವಿನಂಗಡಿಯಿಂದ ತರೋಣವೇ ಎಂದು ಮೆಲ್ಲಗೆ ಬಾಯಿಬಿಟ್ಟರು. "ಅಂಗಡಿ ಸಾಮಾನ್ ಈ ಮನಿಗ್ ಬಪ್ಪುಕಿಲ್ಲ ಅಂದೋರ್ ಯಾರ್?" ಎಂದು ಅತ್ತೆ ತಿರುಗಿ ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅತ್ತೆಯ ದನಿ ಸಣ್ಣದಾಗಿತ್ತು. ಎಷ್ಟೋ ವರ್ಷದ ಮೇಲೆ ಅಕ್ಕಿ ಸಿದ್ಧವಾಗಿದೆ, ಕದಿರಿಲ್ಲದೆ ಈ ಸಲವೂ ಹೊಸ್ತು ಸಮ ಆಗುವುದಿಲ್ಲವೇನೋ ಎಂಬ ಹೆದರಿಕೆ ಅದರಲ್ಲಿತ್ತು. ನನಗೆ ಸಂಕಟವಾಯಿತು.

ಸ್ಕೂಟರ್ ಹತ್ತಿ ಇಬ್ಬರೂ ಹೊರಟೆವು. ಕಿರಿಮಂಜೇಶ್ವರದ ಹತ್ತಿರ ರಸ್ತೆ ಬದಿಯಲ್ಲೇ ಒಂದು ಚೆಂದದ ಗದ್ದೆ ಕಂಡಿತು. ನನ್ನ ಗಂಡ ಗಾಡಿ ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಅಂಚಿಗಿಳಿದು, ತೆನೆಗೆ ಕೈ ಚಾಚಿ, ಆಚೀಚೆ ನೋಡಿ, ವಾಪಸು ಬಂದರು. "ಗುರ್ತ ಇಲ್ದಿದ್ದೋರ್ದ್ ತಕಂಡ್ರೆ ಅದ್ ಕದ್ರ್ ಅಲ್ಲ ಮಾರಾಯ್ತಿ, ಕಳ್ತನ," ಎಂದರು. ಸರಿ, ಗುರುತಿನವರನ್ನೇ ಹುಡುಕುತ್ತ ಬಸ್ರೂರಿನ ತನಕ ಹೋದೆವು. ಅಲ್ಲಿ ಅವರ ಅಕ್ಕನ ಮನೆ. ಹಿಂದೆ ಮನೆಯೆದುರು ಕಣ್ಣು ಹಾಯುವಷ್ಟು ಗದ್ದೆ ಇತ್ತು. ಈಗ ಮಣ್ಣು ತುಂಬಿಸಿ ತೆಂಗಿನ ಸಸಿ ಇಟ್ಟಿದ್ದರು. ಅಕ್ಕ ಓಡಿ ಬಂದು, "ಬಂದದ್ದ್ ಒಳ್ಳೇದಾಯ್ತ್. ನೀವ್ ಗದ್ದೆ ಮಾಡಿದ್ದ್ ಗೊತ್ತಾಯ್ತ್. ನಾಳೆ ನಾವೇ ನಿಮ್ಮಲ್ಲಿಗ್ ಕದ್ರಿಗ್ ಬತ್ತ್," ಎಂದರು. ಸುದ್ದಿ ಅಷ್ಟು ದೂರ ಹೋಗಿತ್ತು. ನನ್ನ ಗಂಡ ಅಕ್ಕ ಕೊಟ್ಟ ಪಾನಕವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ಖಾಲಿ ಕೈಯಲ್ಲೇ ವಾಪಸು ಹೊರಟೆವು. ಹೊಸ್ತಿನ ದಿನ ನಮ್ಮಲ್ಲಿ ಮೀನಿಲ್ಲ. ನಾಳೆ ಬರಬೇಡ ಎಂದು ಹೇಳಿಬಿಡೋಣವೆಂದು ಕಡಲ ಬದಿಗೆ ತಿರುಗಿ ಮೀನಿನಕ್ಕನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದೆವು. ನಾಯಿಯೊಂದು ಬೊಗಳುತ್ತ ಬಂತು. ನಾನು ಅದಕ್ಕೆ ಹೆದರಿ ಮನೆಯ ಹಿಂದಕ್ಕೆ ಸರಿದವಳು ಅಲ್ಲೇ ನಿಂತೆ.

ಹಿತ್ತಿಲಲ್ಲಿ ಕಡಲಿಗಿಳಿಯುವ ಕಾಲ ಮುಗಿದ ಹಳೆಯ ಮರದ ದೋಣಿಯೊಂದು ಕಲ್ಲುಗಳ ಮೇಲೆ ಕುಳಿತಿತ್ತು. ಅದರ ತುಂಬ ಮಣ್ಣು, ಮಣ್ಣಿನ ತುಂಬ ಭತ್ತ. ನಮ್ಮದೇ ಸಸಿ, ನಮ್ಮ ಗದ್ದೆಯದಕ್ಕಿಂತ ಚೆನ್ನಾಗಿ ತೆನೆ ಹೊತ್ತು ದೋಣಿಯ ಎರಡೂ ಬದಿಗೆ ಬಾಗಿತ್ತು. ಕೆಳಗೆ ಕೋಳಿಗಳು ಕತ್ತೆತ್ತಿ ಕಾಯುತ್ತಿದ್ದವು.

ನನ್ನ ಹಿಂದೆಯೇ ಬಂದ ಗಂಡನ ಮುಖ ಅರಳಿತು. ನಾಯಿಯನ್ನು ಗದರಿಸುತ್ತ ಮೀನಿನಕ್ಕನೂ ಬಂದಳು. "ಅಕ್ಕಾ, ನಿಮ್ಮ ಈ..." ಎಂದು ಶುರುಮಾಡಿದರು. ನಾನು ಬೆನ್ನಿಗೆ ಚಿವುಟಿದೆ. ಕೇಳಿದರೆ ಪದ್ಧತಿ ಕೆಟ್ಟಿತಲ್ಲ! ಅವರು ಬಾಯಿ ಮುಚ್ಚಿದರು. ಮೀನಿನಕ್ಕ ನಮ್ಮಿಬ್ಬರನ್ನೂ ನೋಡಿದಳು, ದೋಣಿಯನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ನಾಳೆ ಬೆಳಗಾತ ನಾನ್ ಮನೆಯಂಗ್ ಇಪ್ಪುದಿಲ್ಲ," ಎಂದಳು ಆಕಾಶಕ್ಕೆ ಹೇಳುವವಳ ಹಾಗೆ. "ನಂಗೂ ಒಂದ್ ಕಡಿಗ್ ಹೋಪುಕಿತ್ತ್. ನಾಯಿನ ಕಟ್ಟಿ ಹಾಕಿ ಹೋತೆ."

ಮರುದಿನ ನಸುಕಿನಲ್ಲಿ ನನ್ನ ಗಂಡ ಹೆಗಲ ಮೇಲೆ ಬೈರಾಸು ಹಾಕಿಕೊಂಡು ಹೊರಟರು. ವಾಪಸು ಬರುವಾಗ ಬೈರಾಸಿನ ಒಳಗಿಂದ ತೆನೆ ಇಣುಕುತ್ತಿತ್ತು. ಕಾಲುದಾರಿಯಲ್ಲಿ ಎದುರಿಗೆ ಮೀನಿನಕ್ಕ ಸಿಕ್ಕಿದಳಂತೆ, ಅವಳ ಸೆರಗಿನ ಒಳಗೆ ನಮ್ಮ ಗದ್ದೆಯ ತೆನೆ. ಇವರು ತೆಂಗಿನ ಮರದ ತುದಿ ನೋಡುತ್ತ, ಅವಳು ತನ್ನ ಕಾಲಿನ ಬೆರಳು ನೋಡುತ್ತ ದಾಟಿ ಹೋದರಂತೆ.

ಅತ್ತೆ ಕದಿರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಎಲ್ಲಿಯದೆಂದು ಕೇಳದೆ, ತುಳಸಿಕಟ್ಟೆಯ ಮುಂದೆ ಇಟ್ಟರು. ಅಷ್ಟರಲ್ಲಿ ಬೆಳಕು ಹರಿಯಿತು, ಗದ್ದೆ ಕಣ್ಣಿಗೆ ಬಿತ್ತು. ಅಲ್ಲಿ ಊರೇ ನೆರೆದಿತ್ತು. ಸೈಟಿನ ಗೋಡೆಯ ಮನೆಯವರು, ರಿಕ್ಷಾ ಓಡಿಸುವವರು, ಬಸ್ರೂರಿನ ಅಕ್ಕ, ನಮಗೆ ಮುಖಪರಿಚಯವಷ್ಟೇ ಇದ್ದವರು, ಎಲ್ಲರ ಕೈಯಲ್ಲೂ ತೆನೆ ಕುಯ್ಯುವ ಕತ್ತಿ. ನನ್ನ ಗಂಡನ ಕೈ ಅಭ್ಯಾಸಬಲದಿಂದ ಡಬ್ಬಕ್ಕೆ ಹೋಯಿತು.

"ಮಗಾ, ಡಬ್ಬಿ ಕೆಳ್ಗಿಡ್," ಎಂದರು ಅತ್ತೆ. "ಅದ್ ನವ್ಲಲ್ಲ."

ಪಾಪ, ಅವರು ಡಬ್ಬ ಇಟ್ಟರು. ಕುರ್ಚಿಯನ್ನು ಎತ್ತಿ ಗೋಡೆಗೆ ಮುಖಮಾಡಿ ಹಾಕಿ, ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸುತ್ತ ಕುಳಿತರು. ಕತ್ತಿಯ ಒಂದೊಂದು ಸದ್ದಿಗೂ ಭುಜ ಮೇಲೇಳುತ್ತಿತ್ತು. ಆದರೂ ಹಿಂದೆ ತಿರುಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ ಬೆಳಗು ಇನ್ನೊಂದಿಲ್ಲ. ಬೆಲ್ಲದ ಬದಲು ಸಕ್ಕರೆಯನ್ನೇ ಹಾಕಿ ಒಂದು ಲೋಟ ಚಹಾ ಮಾಡಿಕೊಟ್ಟೆ. ಎಲ್ಲಿಂದ ಬಂತೆಂದು ಅವರೂ ಕೇಳಲಿಲ್ಲ.

ಕಂಬಕ್ಕೆ, ರಾಟೆಗೆ, ಒರಳಿಗೆ, ಸ್ಕೂಟರಿನ ಹ್ಯಾಂಡಲಿಗೆ ಕದಿರು ಕಟ್ಟಿದೆವು. ಮಧ್ಯಾಹ್ನ ಎಲೆ ಹಾಕಿ ಹೊಸ ಅನ್ನ, ಪಾಯಸ ಬಡಿಸಿದ್ದಾಯಿತು. ಮೊದಲ ತುತ್ತಿಗೆ ಮುಂಚೆ ಹಿರಿಯರ ಅಪ್ಪಣೆ ಕೇಳಬೇಕು. "ಅಬ್ಬೇ, ನಾನ್ ಹೊಸ್ತ್ ಉಂತೆ," ಎಂದರು ನನ್ನ ಗಂಡ. "ಅತ್ತೆ, ನಾನ್ ಹೊಸ್ತ್ ಉಂತೆ," ಎಂದೆ ನಾನು. "ಉಣ್ಣಿ, ಉಣ್ಣಿ," ಎಂದರು ಅವರು.

ಅತ್ತೆ ಮಾತ್ರ ಕೈ ಅನ್ನದಲ್ಲಿಟ್ಟು ಹಾಗೇ ಕುಳಿತಿದ್ದರು. ಹಿಂದೆ ಅವರು ತಮ್ಮ ಅತ್ತೆಯನ್ನು ಕೇಳುತ್ತಿದ್ದರು, ಆಮೇಲೆ ನನ್ನ ಮಾವನನ್ನು. ಈಗ ಈ ಮನೆಯಲ್ಲಿ ಅವರು ಕೇಳಬೇಕಾದವರು ಯಾರೂ ಉಳಿದಿರಲಿಲ್ಲ. ಇಷ್ಟು ವರ್ಷ ಅವರು ಮಾತಿಲ್ಲದೆ ಉಣ್ಣುತ್ತಿದ್ದುದು ಏಕೆಂದು ನನಗೆ ಆಗ ಹೊಳೆಯಿತು.

ಹೊಸ್ತಿಲ ಹತ್ತಿರ ಮೀನಿನಕ್ಕ ಪಾಯಸದ ಲೋಟ ಹಿಡಿದು ಕುಳಿತಿದ್ದಳು. ಅತ್ತೆಗಿಂತ ಎಷ್ಟೋ ಚಿಕ್ಕವಳು. ಅವಳ ಹೆಸರಿಗೆ ಹುಟ್ಟಿದಾಗಿನಿಂದ ಒಂದು ಗೇಣು ಗದ್ದೆ ಇದ್ದದ್ದಿಲ್ಲ. ಕದಿರು ಯಾರದೆಂದು ಯಾರೂ ಹೇಳದೆಯೇ ತಿಳಿದಿದ್ದ ಅತ್ತೆ ಆ ಕಡೆ ತಿರುಗಿದರು.

"ಹ್ವಾಯ್, ಗದ್ದೆ ಒಡ್ತಿ," ಎಂದು ಕರೆದರು. "ನಾನ್ ಹೊಸ್ತ್ ಉಂತೆ."

ಮೀನಿನಕ್ಕ ಗಟ್ಟಿಯಾಗಿ ನಕ್ಕಳು. ಅತ್ತೆ ನಗಲಿಲ್ಲ, ಕಾಯುತ್ತಿದ್ದರು. ಅದು ತಮಾಷೆಯಲ್ಲವೆಂದು ಗೊತ್ತಾಗಿ ಆಕೆ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಉಣ್ಣಿ ಅಮ್ಮಾ," ಎಂದಳು.

ಅತ್ತೆ ಮೊದಲ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. "ಅಕ್ಕಿ ಇನ್ನೊಂದ್ ಚೂರ್ ಬೇಯ್ಕಿತ್ತ್," ಎಂದು ನನ್ನ ಕಡೆ ನೋಡಿ ಹೇಳಿ, ಇನ್ನೊಂದು ಸೌಟು ಬಡಿಸು ಎಂದು ಎಲೆ ಮುಂದೆ ತಳ್ಳಿದರು.